ಹನ್ನೊಂದು ಕಿಲೋಬೈಟ್

ಮಾರ್ಚ್ 3, ಸೋಮವಾರ

ಹೊಸ ಕರ್ನೆಲ್ ಬಂತು. ನನ್ನ ಪಾಲಿನ ಶನಿ. ಎರಡು ಮೂರು ತಿಂಗಳಿಗೊಮ್ಮೆ ವಕ್ಕರಿಸುತ್ತೆ, ಬಂದಾಗಲೆಲ್ಲ ಇನ್ನಷ್ಟು ಊದಿಕೊಂಡು ಬರುತ್ತೆ.

ನನ್ನ ಮೂವತ್ತೇಳು ಪ್ಯಾಚ್‌ಗಳನ್ನು ಒಂದೊಂದಾಗಿ ಹಚ್ಚಿ ನೋಡಿದೆ. ಹದಿನಾಲ್ಕು ಕೂರಲಿಲ್ಲ. ಯಾವನೋ ಪುಣ್ಯಾತ್ಮ ನೆಟ್ಟಗಿದ್ದ ಕೋಡನ್ನು ಎತ್ತಿ ಇನ್ನೊಂದು ಫೈಲಿಗೆ ಹಾಕಿ, "ಅಚ್ಚುಕಟ್ಟು ಮಾಡಿದ್ದೇನೆ" ಅಂತ ಷರಾ ಬರೆದಿದ್ದಾನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇನ್ನು ಆ ಹದಿನಾಲ್ಕನ್ನೂ ಬಿಚ್ಚಿ, ಅಳತೆ ತೆಗೆದು, ಮತ್ತೆ ಹೊಲಿಯಬೇಕು. ಅದೂ ಆಫೀಸಿನ ಕೆಲಸ ಮುಗಿಸಿ ಬಂದ ಮೇಲೆ, ಪುಕ್ಕಟೆ.

ಅಮ್ಮ ಬಾಗಿಲಲ್ಲಿ ನಿಂತು, "ಯಾರಿಗೇ ಅಷ್ಟೊಂದು ಬೈತಿದ್ದೀಯ?" ಅಂದಳು.

"ಕರ್ನೆಲ್‌ಗೆ. ಯಂತ್ರದ ಒಳಗಿರೋ ಯಜಮಾನ ಅಮ್ಮ. ಅವನಿಲ್ಲದೆ ಒಂದು ದೀಪಾನೂ ಹತ್ತಲ್ಲ. ದೊಡ್ಡ ಯಂತ್ರಕ್ಕೆ ಅಂತ ಮಾಡಿರೋ ಆಳು. ನಾನು ಅಲ್ಲಲ್ಲಿ ಕತ್ತರಿಸಿ ಪುಟಾಣಿ ಯಂತ್ರದೊಳಗೆ ಕೂರಿಸ್ತೀನಿ. ಕತ್ತರಿಸೋ ಒಂದೊಂದು ಸಲಕ್ಕೂ ಒಂದೊಂದು ಪ್ಯಾಚ್."

"ಅಂದ್ರೆ ತೇಪೆ ಕೆಲಸ."

"ಹೂಂ, ತೇಪೆ."

ಹೂಂ ಅಂದಿದ್ದೇ ತಪ್ಪಾಯಿತು. ಸಂಜೆ ಪಕ್ಕದ ಮನೆಯಾಕೆ ಮಂಡಿ ಹರಿದ ಎರಡು ಪ್ಯಾಂಟ್ ತಂದು ನನ್ನ ಕೀಬೋರ್ಡ್ ಮೇಲೆ ಇಟ್ಟು ಹೋದಳು.

ತಂಗಿಯಿಂದ ಇವತ್ತು ನಲವತ್ತಾರು ಫೋಟೊ. ಎಲ್ಲ ಒಂದೇ ತೊಟ್ಟಿಲಿನದು. ಅವಳ ಗಂಡ ಬಡಗಿ, ತಾನೇ ಮಾಡುತ್ತಿದ್ದಾನೆ. ಎಡಗಡೆಯಿಂದ, ಬಲಗಡೆಯಿಂದ, ಅಡಿಯಿಂದ. ಒಂದು ಸಾಲದಾ? "ಚೆನ್ನಾಗಿದೆ" ಅಂತ ಒಂದು ಪದ ಕಳಿಸಿ ಫೋನ್ ಬೋರಲು ಹಾಕಿದೆ.

ಮಾರ್ಚ್ 9, ಭಾನುವಾರ

ಪೆಟ್ಟಿಗೆ ಮೇಷ್ಟ್ರ ಶೆಡ್‌ಗೆ ಹೋಗಿದ್ದೆ. ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ನಿವೃತ್ತಿಯಾದ ಮೇಲೆ ಪೆಟ್ಟಿಗೆ ಮಾಡುತ್ತಾರೆ. ನಾನು ಕರ್ನೆಲ್ ಕೂರಿಸುವ ಪುಟಾಣಿ ಯಂತ್ರ ಅದೇ. ಶಿಷ್ಯರೆಲ್ಲ ಈಗ ಅಪ್ಪ ಅಮ್ಮ ಆಗುತ್ತಿದ್ದಾರೆ. ಮಗು ಅತ್ತರೆ ಪೆಟ್ಟಿಗೆಯ ಮೈಕು ಹಿಡಿಯುತ್ತೆ, ಗೋಡೆಯ ದೀಪ ಮಿನುಗುತ್ತೆ, ಹಾಸಿಗೆ ಗಡಗಡ ನಡುಗುತ್ತೆ. ಸತ್ತವರೂ ಎದ್ದು ಕೂರಬೇಕು, ಹಾಗೆ.

ಹಳೇ ಮೈಕು ಈಗ ಯಾರೂ ಮಾಡುವುದಿಲ್ಲವಂತೆ. ಹೊಸ ಮೈಕಿಗೆ ಹೊಸ ಕರ್ನೆಲ್ಲೇ ಬೇಕು. ಪೆಟ್ಟಿಗೆಯ ಚಿಪ್‌ನಲ್ಲಿ ಜಾಗ ಮಾತ್ರ ಮೊದಲಿನಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದನ್ನು ನಾನು ಕರ್ನೆಲ್ ಬರೆಯುವ ದೊಡ್ಡವರಿಗೆ ಹೇಳಲಾರೆ, ಅವರ ಹಾಸಿಗೆ ವರ್ಷ ವರ್ಷ ಬೆಳೆಯುತ್ತೆ.

"ಹೊಸ ಪೆಟ್ಟಿಗೆ ಮೊದಲನೇದು ನಿನ್ನ ತಂಗಿಗೇ," ಅಂದರು ಮೇಷ್ಟ್ರು. ಅವಳೂ ಅವರ ಶಿಷ್ಯೆ. ಅವಳಿಗೂ ಬಡಗಿಗೂ ಹುಟ್ಟಿದಾಗಿನಿಂದ ಕೇಳಿಸುವುದಿಲ್ಲ. ಹೆರಿಗೆ ಮೇ ಮೊದಲ ವಾರ.

ವಾಪಸ್ ಬರುತ್ತಾ ಅವಳ ಮನೆಗೂ ಹೋದೆ. ಅಮ್ಮ ಬಂದು ಮೂರು ತಿಂಗಳು ಇರುತ್ತಾಳೆ, ಮಗು ಅತ್ತರೆ ಎಬ್ಬಿಸುತ್ತಾಳೆ ಅಂದದ್ದಕ್ಕೆ ಮುಖ ಗಂಟು ಹಾಕಿಕೊಂಡಳು. ಸನ್ನೆಯಲ್ಲಿ ಕೈ ಬೀಸಿದ ರಭಸಕ್ಕೆ ಲೋಟವೇ ಉರುಳಿತು. "ನನ್ನ ಮಗು ಅತ್ತರೆ ನಾನೇ ಏಳಬೇಕು. ಇನ್ನೊಬ್ಬರು ಬಂದು ಅಲ್ಲಾಡಿಸಿ ಎಬ್ಬಿಸೋದಲ್ಲ. ಚಿಕ್ಕಂದಿನಿಂದ ಎಲ್ಲದಕ್ಕೂ ಇನ್ನೊಬ್ಬರ ಕೈಲಿ ಅಲ್ಲಾಡಿಸಿಕೊಂಡೇ ಎದ್ದಿದ್ದೀನಿ."

ಸರಿ ಮಾರಾಯ್ತಿ ಅಂದೆ. ಕೂರಿಸಲೇಬೇಕು ಇನ್ನು.

ಮಾರ್ಚ್ 19, ಬುಧವಾರ

ನನ್ನಂಥ ತೇಪೆಯವರೆಲ್ಲ ಇಮೇಲ್ ಬರೆದುಕೊಳ್ಳುವ ಅಂಚೆಪಟ್ಟಿಯಲ್ಲಿ ದೊಡ್ಡ ಚಿಪ್ ಮಹಾಶಯ ಮತ್ತೆ ಪ್ರತ್ಯಕ್ಷ. ಯಾರೋ ಏನೋ, ನಾನು ಏನು ಬರೆದರೂ ಕೆಳಗೊಂದು ಪ್ರಶ್ನೆ. "ಇಷ್ಟು ಕಷ್ಟಪಡುವ ಬದಲು ದೊಡ್ಡ ಚಿಪ್ ಏಕೆ ಹಾಕಬಾರದು?"

ಹೌದಲ್ಲ, ಹೊಳೆದೇ ಇರಲಿಲ್ಲ ನೋಡಿ! ಚಿಪ್ ಬದಲಾದರೆ ಇಡೀ ಪೆಟ್ಟಿಗೆಯನ್ನು ಹೊಸದಾಗಿ ಪರೀಕ್ಷೆಗೆ ಕಳಿಸಬೇಕು, ಅದು ವರ್ಷದ ಮಾತು, ಮಕ್ಕಳು ವರ್ಷ ಕಾಯುವುದಿಲ್ಲ ಅಂತ ಅವನಿಗೆ ಮೂರನೇ ಸಲ ಬರೆದೆ. ಕೋಣನ ಮುಂದೆ ಕಿನ್ನರಿ.

ಮಾರ್ಚ್ 28, ಶುಕ್ರವಾರ

ಮೂವತ್ತೇಳೂ ಕೂತವು. ತೂಗಿದೆ. ಹತ್ತೊಂಬತ್ತು ಕಿಲೋಬೈಟ್ ಹೆಚ್ಚು.

ಫೋನಿನ ಒಂದು ಮಸುಕು ಫೋಟೊ ಇದರ ಹತ್ತರಷ್ಟು ಇರುತ್ತೆ. ತಂಗಿ ಇವತ್ತು ಇಪ್ಪತ್ತು ಕಳಿಸಿದ್ದಾಳೆ.

ಪ್ಯಾಂಟ್‌ಗಳನ್ನು ಹೊಲಿದುಕೊಟ್ಟೆ. ಅದಾದರೂ ಮುಗಿಯಿತು.

ಏಪ್ರಿಲ್ 6, ಭಾನುವಾರ

ವಾರವೆಲ್ಲ ಗೀರಿ ಕೆರೆದು ಎಂಟು ಕಿಲೋಬೈಟ್ ಉಳಿಸಿದೆ. ಇನ್ನೂ ಹನ್ನೊಂದು ಬೇಕು. ತಲೆ ಚಿಟ್ಟು ಹಿಡಿದು ಹೋಗಿತ್ತು. ಆಗ ಕಣ್ಣಿಗೆ ಬಿತ್ತು, ಕಾವಲುಗಾರ.

ಯಂತ್ರ ಎಲ್ಲಾದರೂ ಸ್ತಬ್ಧವಾದರೆ ಅದನ್ನು ಗಮನಿಸಿ, ಎಬ್ಬಿಸಿ, ಮತ್ತೆ ಮೊದಲಿನಿಂದ ಶುರು ಮಾಡುವ ಭಾಗ ಅದು. ಸರಿಯಾಗಿ ಹನ್ನೊಂದು ಕಿಲೋಬೈಟ್. ಹೇಳಿ ಮಾಡಿಸಿದ ಹಾಗೆ! ನನ್ನ ಮೇಜಿನ ಮೇಲೆ ಹಳೇ ಪೆಟ್ಟಿಗೆಯೊಂದು ಮೂರು ವರ್ಷದಿಂದ ಓಡುತ್ತಿದೆ. ಒಂದು ದಿನವೂ ಸ್ತಬ್ಧವಾದದ್ದು ಕಂಡಿಲ್ಲ. ಒಂದು ದೂರೂ ಇಲ್ಲ. ಯಾರಿಗೆ ಬೇಕು ಕಾವಲುಗಾರ? ಕತ್ತರಿಸಿದೆ. ಮೂವತ್ತೆಂಟನೇ ಪ್ಯಾಚ್.

ಖುಷಿ ತಡೆಯದೆ ಅಮ್ಮನಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು.

"ಕಾವಲುಗಾರನ್ನ ಯಾಕೇ ತೆಗೆದೆ?"

"ಕಳ್ಳರೇ ಬರದ ಮನೆಗೆ ಕಾವಲು ಯಾಕಮ್ಮ?"

"ಅವನು ಇದ್ದಿದ್ದಕ್ಕೇ ಬಂದಿಲ್ಲವೇನೋ."

ಅಮ್ಮನ ಹತ್ತಿರ ಕೊನೇ ಮಾತು ಗೆದ್ದವರು ಯಾರೂ ಇಲ್ಲ. ಹೂಂ ಅಂದು ಎದ್ದು ಬಂದೆ.

ಏಪ್ರಿಲ್ 7, ಸೋಮವಾರ

ಕೂತಿತು! ಇನ್ನೂರು ಬೈಟ್ ಜಾಗ ಮಿಕ್ಕಿದೆ.

ಅಂಚೆಪಟ್ಟಿಗೆ ಹಾಕಿದೆ. ದೊಡ್ಡ ಚಿಪ್ ಮಹಾಶಯ ತಕ್ಷಣ, "ಕಾವಲುಗಾರನಿಲ್ಲದೆ ಸ್ತಬ್ಧವಾದರೆ ಗತಿ?" ಅಂದ. "ಬಳಸುವವರಿಗಿಲ್ಲದ ಚಿಂತೆ ತಮಗೇಕೆ?" ಅಂತ ಬರೆದು ಮಲಗಿದೆ. ಒಳ್ಳೇ ನಿದ್ದೆ.

ಮೇ 4, ಭಾನುವಾರ

ಹೆಣ್ಣು ಮಗು. ತಲೆತುಂಬ ಕೂದಲು. ಅಳು ಅಂದರೆ ಆಸ್ಪತ್ರೆಯ ಕಾರಿಡಾರಿನ ಆ ತುದಿಗೂ ಕೇಳುತ್ತೆ. ತಂಗಿ ಅದರ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಅಳುವನ್ನು ಕೈಯಲ್ಲಿ ನೋಡುತ್ತಿದ್ದಳು. "ಜೋರಾ?" ಅಂತ ಕೇಳಿದಳು. "ನರ್ಸ್ ಕಿವಿ ಮುಚ್ಚಿಕೊಂಡಿದ್ದಾಳೆ," ಅಂದೆ. ಬಹಳ ಹೆಮ್ಮೆಪಟ್ಟಳು.

ಮೇಷ್ಟ್ರು ಪೆಟ್ಟಿಗೆ ಕೂರಿಸಿ ಬಂದರು. ಹಸಿರು ದೀಪ ಉರಿಯುತ್ತಿದೆ.

ಮೇ 19, ಸೋಮವಾರ

ಅಮ್ಮ ವಾಪಸ್. ಮೂರು ತಿಂಗಳು ಅಂತ ಹೋದವಳು ಹದಿನೈದೇ ದಿನಕ್ಕೆ. "ಪೆಟ್ಟಿಗೆ ಇದೆ, ನೀನು ಹೊರಡು ಅಂದ್ಲು ಕಣೇ. ನಾನು ಕಿವಿಗೊಟ್ಟು ಓಡಿ ಹೋಗೋಷ್ಟರಲ್ಲಿ ಅವಳೇ ಎದ್ದು ಕೂತಿರ್ತಾಳೆ. ನನ್ನ ನೋಡಿ ನಗ್ತಾಳೆ ಬೇರೆ, ಸೋತೆ ಅಂತ." ಬೇಜಾರು ಮಾಡಿಕೊಂಡ ಹಾಗೆ ಹೇಳಿದಳು, ಆದರೆ ಇದನ್ನೇ ನಾಲ್ಕು ಸಲ ಹೇಳಿದಳು.

ಮೇ 22, ಗುರುವಾರ

ತಂಗಿಯಿಂದ ಒಂದೇ ಸಾಲು. "ಪೆಟ್ಟಿಗೆ ಸುಮ್ಮನಿತ್ತು ಅಕ್ಕ."

ಮಧ್ಯಾಹ್ನ ಮಗುವನ್ನು ತೊಟ್ಟಿಲಲ್ಲಿ ಹಾಕಿ ಮಲಗಿದ್ದಾಳೆ. ಸಂಜೆ ಬಡಗಿ ಕೆಲಸದಿಂದ ಬಂದು ಅವಳನ್ನು ಅಲ್ಲಾಡಿಸಿದ್ದಾನೆ. ಮಗುವಿನ ಮುಖ ಕೆಂಪು ಕೆಂಪು. ಬಾಯಿ ತೆರೆಯುತ್ತಿತ್ತಂತೆ. ಎದೆಯ ಮೇಲೆ ಕೈ ಇಟ್ಟರೆ ಏನೂ ಇಲ್ಲ. ಅತ್ತು ಅತ್ತು ದನಿ ಹೋಗಿದೆ. ಎಷ್ಟು ಹೊತ್ತು ಅತ್ತಿತ್ತೋ ಯಾರಿಗೂ ಗೊತ್ತಿಲ್ಲ.

ಡಾಕ್ಟರು ನೋಡಿದರು, ಎರಡು ದಿನದಲ್ಲಿ ದನಿ ಬರುತ್ತೆ, ಭಯವಿಲ್ಲ ಅಂದರಂತೆ.

ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇತ್ತಂತೆ.

ಮೇ 24, ಶನಿವಾರ

ಮೇಷ್ಟ್ರು ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲೆ ಇಟ್ಟರು. "ಏನಾಯ್ತಮ್ಮ ಇದಕ್ಕೆ?"

ತಂತಿ ಚುಚ್ಚಿ ನೋಡಿದೆ. ಒಳಗೆ ಒಂದಕ್ಷರವೂ ಇಲ್ಲ. ಇರುವುದಾದರೂ ಹೇಗೆ? ಏನು ತಪ್ಪಾದರೂ ಒಂದು ಸಾಲು ಬರೆದಿಡುವುದು ಕರ್ನೆಲ್‌ನ ಅಭ್ಯಾಸ. ಆ ಸಾಲುಗಳೆಲ್ಲ ಜಾಗ ತಿನ್ನುತ್ತವೆ ಅಂತ ವರ್ಷಗಳ ಹಿಂದೆಯೇ ಕಿತ್ತು ಎಸೆದವಳು ನಾನೇ, ಐದನೇ ಪ್ಯಾಚ್. ಬಹಳ ಮೆಚ್ಚುಗೆ ಪಡೆದ ಪ್ಯಾಚ್ ಅದು.

ನನ್ನ ಮೇಜಿನ ಹಳೇ ಪೆಟ್ಟಿಗೆಗೆ ಐದನೇ ಪ್ಯಾಚ್ ಇಲ್ಲದ, ಕಾವಲುಗಾರ ಇರುವ ಕರ್ನೆಲ್ ತುಂಬಿದೆ, ಮೈಕು ಗೀಕು ತೆಗೆದು ಜಾಗ ಮಾಡಿ. ಹೇರ್ ಡ್ರೈಯರ್‌ನಿಂದ ಬಿಸಿ ಗಾಳಿ ಬಿಟ್ಟೆ, ಬೇಸಿಗೆಯ ಮಧ್ಯಾಹ್ನದಷ್ಟು. ಸಾಲುಗಳು ಬಿದ್ದವು. ಸ್ತಬ್ಧ, ಎಬ್ಬಿಸಿದೆ. ಸ್ತಬ್ಧ, ಎಬ್ಬಿಸಿದೆ. ಬಿಸಿ ಏರಿದರೆ ಈ ಚಿಪ್ ಸಾಯುತ್ತೆ. ಮೂರು ವರ್ಷದಿಂದಲೂ ಸಾಯುತ್ತಿತ್ತು. ಕಾವಲುಗಾರ ಸದ್ದಿಲ್ಲದೆ ಎಬ್ಬಿಸುತ್ತಿದ್ದ. ಮೊದಲು ಅದರ ಬಾಯಿ ಮುಚ್ಚಿಸಿದೆ, ಆಮೇಲೆ ಅದು ಮಾತಾಡಲಿಲ್ಲ ಅಂತ ಎಲ್ಲ ಸರಿಯಿದೆ ಅಂದುಕೊಂಡೆ, ಆ ನಂಬಿಕೆಯ ಮೇಲೆ ಕಾವಲುಗಾರನನ್ನೂ ಓಡಿಸಿದೆ.

ಮೇಷ್ಟ್ರಿಗೆ ಎಲ್ಲ ಹೇಳಿದೆ. "ಉಳಿದ ಪೆಟ್ಟಿಗೆ ಇನ್ನೂ ಶೆಡ್‌ನಲ್ಲೇ ಇವೆ, ಪುಣ್ಯ," ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಬೈಯುವ ಕೆಲಸ ಅಮ್ಮ ಮಾಡಿದಳು. "ಅಳದಿದ್ರೆ ತಾಯಿನೂ ಹಾಲು ಕೊಡಲ್ಲ ಅಂತಾರೆ. ನೀನು ಅದರ ಅಳೋ ಬಾಯಿನೇ ಕಿತ್ತುಹಾಕಿದ್ಯಲ್ಲೇ!"

ನನಗೆ ಅಳು ಬಂತು. ಅತ್ತೆ.

ಮೇ 26, ಸೋಮವಾರ

ಆಫೀಸಿಗೆ ರಜೆ ಹಾಕಿ ತಂಗಿಯ ಮನೆಗೆ ಬಂದಿದ್ದೇನೆ. ಪೆಟ್ಟಿಗೆ ಸರಿಯಾಗುವವರೆಗೆ ನಾನೇ ಕಿವಿ.

ಬಂದವಳೇ ಎಲ್ಲ ಹೇಳಿಬಿಟ್ಟೆ. ಕರ್ನೆಲ್ಲು, ಕಾವಲುಗಾರ, ಹನ್ನೊಂದು ಕಿಲೋಬೈಟ್, ಎಲ್ಲ ಸನ್ನೆಯಲ್ಲಿ. ಕೆಲವಕ್ಕೆ ಸನ್ನೆಯೇ ಇಲ್ಲ, ಬರೆದು ತೋರಿಸಿದೆ. ಅವಳು ಪೂರ್ತಿ ನೋಡಿ ಮುಗಿಸಿ, "ಹನ್ನೊಂದು ಅಂದ್ರೆ ಎಷ್ಟು?" ಅಂದಳು.

"ನೀನು ಕಳಿಸೋ ಫೋಟೊದಲ್ಲಿ ಮೂಲೆಯ ಒಂದು ಚೂರು."

"ಆ ಚೂರಿಗೆ ನನ್ನ ಕಿವಿ ಕತ್ತರಿಸಿದ್ಯಾ?"

ಆಮೇಲೆ ನನ್ನ ಕಡೆ ನೋಡಲಿಲ್ಲ. ನೋಡದಿದ್ದರೆ ನಾನು ಏನು ಹೇಳಿದರೂ ಅವಳಿಗೆ ತಲುಪುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತು.

ಅವಳು ನಿದ್ದೆ ಮಾಡುವುದಿಲ್ಲ. ತೊಟ್ಟಿಲಿಗೆ ಅಂಟಿಕೊಂಡು ಮಲಗಿ ಮಗುವಿನ ಎದೆಯ ಮೇಲೆ ಕೈ ಇಟ್ಟಿರುತ್ತಾಳೆ. ತೂಕಡಿಸಿ ಕೈ ಜಾರಿದರೆ ಬೆಚ್ಚಿ ಏಳುತ್ತಾಳೆ. ನಾನಿದ್ದೀನಲ್ಲೇ ಅಂದರೆ ನಂಬುವುದಿಲ್ಲ. ಯಾಕೆ ನಂಬಬೇಕು?

ಮೇ 29, ಗುರುವಾರ

ಮಗುವಿಗೆ ದನಿ ಬಂದಿದೆ. ಬಂದದ್ದು ಗೊತ್ತಾಗುವ ಹಾಗೆ ಬಂದಿದೆ, ಮಾಡಿನ ಹೆಂಚು ಹಾರಬೇಕು!

ಬಡಗಿ ಊಟದ ಮೇಜಿನ ಒಂದು ಕಾಲಿನ ಅಡಿಗೆ ಮರದ ತುಂಡು ಕೊಟ್ಟು, ಅಲ್ಲಾಡದ ಹಾಗೆ ಮಾಡಿ, ನನ್ನ ಲ್ಯಾಪ್‌ಟಾಪ್ ತಂದು ಅದರ ಮೇಲೆ ಇಟ್ಟ. ಬೈಯಲೂ ಇಲ್ಲ, ನಗಲೂ ಇಲ್ಲ. ಕೂತು ಮಾಡು ಅಂತ ಕುರ್ಚಿ ತೋರಿಸಿದ.

ಕಾವಲುಗಾರ ವಾಪಸ್ ಬರಬೇಕು ಅಂದರೆ ಹನ್ನೊಂದು ಕಿಲೋಬೈಟ್ ಬೇರೆ ಎಲ್ಲಿಂದಲಾದರೂ ತರಬೇಕು. ಎಲ್ಲಿಂದ? ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ಅದು ಎರಡು ಸಲ ಕೀಬೋರ್ಡನ್ನು ಒದ್ದಿತು. ಅದರ ಕೋಡ್ ನನ್ನದಕ್ಕಿಂತ ಕೆಟ್ಟದಾಗೇನೂ ಇರಲಿಲ್ಲ.

ಜೂನ್ 5, ಗುರುವಾರ

ನಾಲ್ಕು ಕಿಲೋಬೈಟ್ ಸಿಕ್ಕಿತು, ಕಟ್ಟಿ ನೋಡಿದರೆ ಮೈಕು ಕೆಲಸ ಮಾಡಲಿಲ್ಲ. ವಾಪಸ್ ಹಾಕಿದೆ. ಎರಡು ಸಿಕ್ಕಿತು, ದೀಪ ಹತ್ತಲಿಲ್ಲ. ವಾಪಸ್. ಹಾಳಾಗಿ ಹೋಗಲಿ. ಇಷ್ಟು ವರ್ಷ ಉಜ್ಜಿ ಉಜ್ಜಿ ಬರೀ ಮೂಳೆ ಉಳಿಸಿದ್ದೇನೆ, ಇನ್ನು ಕತ್ತರಿಸಲು ಏನಿದೆ?

ದೊಡ್ಡ ಚಿಪ್ ಮಹಾಶಯನಿಗೆ, "ಕಾವಲುಗಾರನ ವಿಷಯದಲ್ಲಿ ನೀವು ಹೇಳಿದ್ದೇ ಸರಿ, ಒರಟಾಗಿ ಉತ್ತರಿಸಿದ್ದು ನನ್ನ ತಪ್ಪು," ಅಂತ ಬರೆದೆ. ಬರೆಯಲು ಅರ್ಧ ದಿನ ಹಿಡಿಯಿತು. ಉತ್ತರ ತಕ್ಷಣ ಬಂತು. "ಪರವಾಗಿಲ್ಲ. ಅಂದಹಾಗೆ, ದೊಡ್ಡ ಚಿಪ್ ಏಕೆ ಹಾಕಬಾರದು?"

ಜೋರಾಗಿ ನಕ್ಕೆ. ತಂಗಿ ಏನು ಅಂತ ಹುಬ್ಬು ಹಾರಿಸಿದಳು. ತೋರಿಸಿದೆ. ಅವಳೂ ನಕ್ಕಳು. ಆಮೇಲೆ ಕೋಪ ನೆನಪಾಗಿ ಆಚೆ ತಿರುಗಿದಳು.

ಜೂನ್ 11, ಬುಧವಾರ

ಸಿಕ್ಕಿತು. ಕಣ್ಣೆದುರೇ ಇತ್ತು.

ಪೆಟ್ಟಿಗೆಗಳಲ್ಲಿ ನಾನೊಂದು ಕಿಂಡಿ ಇಟ್ಟುಕೊಂಡಿದ್ದೇನೆ. ಯಾರ ಮನೆಯ ಪೆಟ್ಟಿಗೆಗೆ ಏನು ತುಂಬಬೇಕಾದರೂ ನನ್ನ ಕುರ್ಚಿಯಿಂದಲೇ ತುಂಬಬಹುದು, ಯಾರ ಮನೆಗೂ ಹೋಗಬೇಕಾಗಿಲ್ಲ, ಯಾರ ಜೊತೆಯೂ ಮಾತಾಡಬೇಕಾಗಿಲ್ಲ. ಮೂವತ್ತೇಳು ಪ್ಯಾಚ್ ಬರೆದರೂ ಅದನ್ನು ಮಾತ್ರ ಮುಟ್ಟಿರಲಿಲ್ಲ. ಹದಿನಾಲ್ಕು ಕಿಲೋಬೈಟ್. ಕತ್ತರಿಸಿದೆ.

ಕಾವಲುಗಾರ ಬಂದು ಕೂತ. ಮೂರು ಕಿಲೋಬೈಟ್ ಮಿಕ್ಕಿತು. ಹಿಂದಿನ ನಾನಾಗಿದ್ದರೆ ಕೂಡಿಟ್ಟುಕೊಳ್ಳುತ್ತಿದ್ದೆ. ಅದರಲ್ಲಿ ಪೆಟ್ಟಿಗೆಗೆ ಬಾಯಿ ಕೊಟ್ಟೆ. ಯಾವಾಗ ಸ್ತಬ್ಧವಾಗಿ ಎದ್ದರೂ ಒಂದು ಸಾಲು ಬರೆದಿಡಬೇಕು, "ಸತ್ತಿದ್ದೆ, ಎದ್ದೆ." ನಮ್ಮ ಭಾಷೆಯ ಒಂದೊಂದು ಅಕ್ಷರಕ್ಕೆ ಮೂರು ಮೂರು ಬೈಟ್ ಹೋಗುತ್ತೆ. ಹೋಗಲಿ.

ತಂಗಿಗೆ ಹೇಳಿದೆ. ಈ ಸಲ ನೋಡಿದಳು.

"ಹಾಗಾದ್ರೆ ಪೆಟ್ಟಿಗೆ ಏನು ಬರೆದಿದೆ ಅಂತ ಓದೋದು ಹೇಗೆ?"

"ನಾನೇ ಬಂದು ತಂತಿ ಚುಚ್ಚಬೇಕು."

"ಎಲ್ಲರ ಮನೆಗೂ?"

"ಎಲ್ಲರ ಮನೆಗೂ."

"ಎಲ್ಲರೂ ಮಕ್ಕಳ ಫೋಟೊ ತೋರಿಸ್ತಾರೆ."

"ನೋಡ್ತೀನಿ."

"ಒಳ್ಳೇ ಶಿಕ್ಷೆ," ಅಂದಳು. ಕೈ ಮಾತ್ರ ಮಗುವಿನ ಎದೆಯ ಮೇಲಿಂದ ತೆಗೆಯಲಿಲ್ಲ. ಒಂದೇ ಕೈಯಲ್ಲಿ ಮಾತಾಡುತ್ತಾಳೆ ಈಗ, ತೊದಲಿದ ಹಾಗೆ ಕಾಣುತ್ತೆ.

ಜೂನ್ 14, ಶನಿವಾರ

ಪೆಟ್ಟಿಗೆ ಮತ್ತೆ ಗೋಡೆಗೆ. ಮೇಷ್ಟ್ರು ಬಂದು ಕೂರಿಸಿದರು. ನಾನು ಇನ್ನೂ ಇಲ್ಲೇ ಇದ್ದೇನೆ. ಪೆಟ್ಟಿಗೆಯ ಮೇಲೆ ಕಾವಲುಗಾರ, ಕಾವಲುಗಾರನ ಮೇಲೆ ನಾನು, ನಮ್ಮಿಬ್ಬರ ಮೇಲೂ ನಂಬಿಕೆಯಿಲ್ಲದೆ ಅವಳ ಕೈ.

ಅಮ್ಮನಿಗೆ ಫೋನ್ ಮಾಡಿ ಮಗು ಹೇಗೆ ಆಕಳಿಸುತ್ತೆ, ಯಾವ ಕಡೆಗೆ ಹೊರಳುತ್ತೆ, ಎಷ್ಟು ಸಲ ಸೀನಿತು ಎಲ್ಲ ಹೇಳಿದೆ. ಮೂರನೇ ಸೀನಿಗೆ ಬರುವಷ್ಟರಲ್ಲಿ ಅಮ್ಮನೇ, "ಸಾಕು ಇಡೇ, ಒಲೆ ಮೇಲೆ ಹಾಲಿದೆ," ಅಂದಳು. ಏನಾಗಿದೆ ಇವಳಿಗೆ, ಮೊದಲೆಲ್ಲ ಎಷ್ಟು ಮಾತಾಡುತ್ತಿದ್ದಳು.

ಜೂನ್ 20, ಶುಕ್ರವಾರ

ನಾಚಿಕೆಗೇಡು. ಬರೆದಿಡುತ್ತೇನೆ.

ಮಧ್ಯಾಹ್ನ ವಿಪರೀತ ಸೆಕೆ. ಊಟ ಆಗಿತ್ತು. ಮಗು ತೊಟ್ಟಿಲಲ್ಲಿ, ತಂಗಿ ಹಾಸಿಗೆಯಲ್ಲಿ, ನಾನು ಕುರ್ಚಿಯಲ್ಲಿ ಕಾವಲು. ಒಂದೇ ನಿಮಿಷ ಅಂತ ಕಣ್ಣು ಮುಚ್ಚಿದೆ.

ಯಾರೋ ಭುಜ ಹಿಡಿದು ಅಲ್ಲಾಡಿಸಿದಾಗ ಎಚ್ಚರವಾಯಿತು. ಬಾಯಿಂದ ಜೊಲ್ಲು ಸುರಿದು ಕುಪ್ಪಸ ಒದ್ದೆ. ಎದುರಿಗೆ ತಂಗಿ, ಹೆಗಲ ಮೇಲೆ ಹಾಲು ಕುಡಿದು ತೇಗುತ್ತಿರುವ ಮಗು. ಗೋಡೆಯ ದೀಪ ಮಿನುಗಿ ಮುಗಿದಿತ್ತು. ಮಗು ಅತ್ತಿದೆ, ಹಾಸಿಗೆ ನಡುಗಿದೆ, ಅವಳು ಎದ್ದಿದ್ದಾಳೆ, ಹಾಲು ಕೊಟ್ಟಿದ್ದಾಳೆ. ಮೂರು ಮೊಳ ದೂರದಲ್ಲಿ ನಾನು ಗೊರಕೆ ಹೊಡೆಯುತ್ತಿದ್ದೆ.

ಅವಳು ತನ್ನ ಕಿವಿ ಮುಟ್ಟಿ, ನನ್ನ ಕಡೆ ಬೆರಳು ಮಾಡಿ, "ನಿನ್ನದು ಕೆಟ್ಟಿದೆ, ಯಾರಿಗಾದ್ರೂ ತೋರಿಸ್ಕೋ," ಅಂದಳು. ಎಷ್ಟು ನಕ್ಕಳು ಅಂದರೆ ಹೆಗಲ ಮೇಲಿನ ಮಗು ಕುಲುಕಿತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಆ ಸೆಕೆ ನೋಡಿ ಅನುಮಾನವಾಗಿ ಪೆಟ್ಟಿಗೆಗೆ ತಂತಿ ಚುಚ್ಚಿದೆ. ಒಂದೇ ಸಾಲು ಇತ್ತು. ಮಗು ಅಳುವ ಸ್ವಲ್ಪ ಮೊದಲಿನದು. "ಸತ್ತಿದ್ದೆ, ಎದ್ದೆ."

ತೋರಿಸಲೋ ಬೇಡವೋ ಅಂತ ಒಂದು ಗಳಿಗೆ ತಡೆದೆ. ಈಗಷ್ಟೇ ನಕ್ಕಿದ್ದಾಳೆ. ಹೆದರಿಕೊಂಡರೆ? ಆದರೂ ತೆರೆಯನ್ನು ಅವಳ ಕಡೆ ತಿರುಗಿಸಿದೆ. ಓದಿದಳು. ಪೆಟ್ಟಿಗೆಯನ್ನು ನೋಡಿದಳು. ಮತ್ತೆ ಓದಿದಳು. ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಹಾಸಿಗೆಗೆ ಹೋದಳು.

ಅಂಚೆಪಟ್ಟಿ ತೆರೆದೆ. ಇನ್ನೊಂದು ಹೊಸ ಕರ್ನೆಲ್ ಬಂದು ವಾರಗಳಾಗಿವೆಯಂತೆ, ನಾನು ನೋಡಿಯೇ ಇಲ್ಲ. ಹಚ್ಚಿದರೆ ಎಷ್ಟು ಕೂರುವುದಿಲ್ಲವೋ, ಯಾವ ಪುಣ್ಯಾತ್ಮ ಏನು ಅಚ್ಚುಕಟ್ಟು ಮಾಡಿದ್ದಾನೋ. ಬೈಯೋಣ ಅಂತ ಬಾಯಿ ತೆರೆದು, ಅವಳ ಕಡೆ ತಿರುಗಿದೆ.

ನಿದ್ದೆ ಹೋಗಿದ್ದಳು. ತೊಟ್ಟಿಲಿಗೆ ಬೆನ್ನು ಹಾಕಿ, ಎರಡೂ ಕೈಯನ್ನು ತನ್ನ ಕೆನ್ನೆಯ ಕೆಳಗೆ ಇಟ್ಟುಕೊಂಡು.